ಮೊದಲ ಪಿಯಾನೋ ಕೊಳ್ಳುವ ಮುನ್ನ

ಕಳೆದ ವರ್ಷದ ಮಳೆಗಾಲದ ಒಂದು ಮಧ್ಯಾಹ್ನ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ನಮ್ಮ ಮೇಜಿನ ಬಳಿ ಬಂದು ನಿಂತಳು. ಆಕೆಯ ಕೈಯಲ್ಲಿದ್ದುದು ಭೌತಶಾಸ್ತ್ರದ ಟಿಪ್ಪಣಿಯಲ್ಲ. ವಾದ್ಯದ ಅಂಗಡಿಯ ಬೆಲೆಪಟ್ಟಿ. ನೆರೆಹೊರೆಯ ಮಕ್ಕಳಿಗೆ ಎರಡು ವರ್ಷ ಮನೆಪಾಠ ಹೇಳಿ ಆಕೆ ೪೫,೦೦೦ ರೂಪಾಯಿ ಕೂಡಿಸಿದ್ದಳು. ತಂದೆ ಹೊಲಿಗೆಯ ಕೆಲಸದವರು; ಅಂಥ ಮನೆಯಲ್ಲಿ ಅಷ್ಟು ಹಣವನ್ನು ವಾದ್ಯಕ್ಕೆಂದು ತೆಗೆದಿರಿಸುವುದು ಎಷ್ಟು ಕಷ್ಟವೆಂಬುದನ್ನು ವಾಚಕರು ಊಹಿಸಬಹುದು. ಓದಿದ ಪ್ರೌಢಶಾಲೆಯಲ್ಲಿ ಹಳೆಯದೊಂದು ಪಿಯಾನೋ ಇದ್ದಿತಂತೆ. ಅದರ ಮೇಲೆ ಬೆರಳಾಡಿಸಿದ ರುಚಿ ಆಕೆಯನ್ನು ಬಿಟ್ಟಿರಲಿಲ್ಲ.

"ಸರ್, ಹತ್ತು ಸಾವಿರದ ಕೀಬೋರ್ಡಿನಲ್ಲಿ ೪೦೦ ಟೋನುಗಳಿವೆ. ನಲವತ್ತು ಸಾವಿರದ ಡಿಜಿಟಲ್ ಪಿಯಾನೋದಲ್ಲಿ ಬರೀ ಹತ್ತು. ಮೊದಲನೆಯದೇ ಲಾಭ ಎಂದು ಅಂಗಡಿಯವರು ಹೇಳುತ್ತಾರೆ. ಹೌದೇ?"

ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನಮಗೆ ಬಂದಿರುವುದು ನಾವೇ ಮಾಡಿದ ಒಂದು ತಪ್ಪಿನಿಂದ. ಏಳೆಂಟು ವರ್ಷಗಳ ಹಿಂದೆ ನಮ್ಮ ಅಣ್ಣನ ಮಗನಿಗೆಂದು ಇಂಥದೇ ಅಗ್ಗದ, ೬೧ ಕೀಗಳ ವಾದ್ಯವೊಂದನ್ನು ಕೊಂಡು ತಂದೆವು. ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ತಬಲ, ಮತ್ತೊಂದಕ್ಕೆ ನಾಯಿಯ ಬೊಗಳು! ಮನೆಯವರೆಲ್ಲ ಮೆಚ್ಚಿದರು. ಹುಡುಗ ಎರಡು ವರ್ಷ ಶ್ರದ್ಧೆಯಿಂದ ಅಭ್ಯಾಸ ಮಾಡಿದ. ಆ ಬಳಿಕ ಒಂದು ದಿನ ಗುರುಗಳ ಮನೆಯ ನಿಜವಾದ ಪಿಯಾನೋದ ಮುಂದೆ ಕುಳಿತಾಗ ಅವನ ಬೆರಳುಗಳಿಂದ ಕೆಲವು ಸ್ವರಗಳು ಹೊರಡಲೇ ಇಲ್ಲ. ಹೊರಟವು ಒಂದಕ್ಕೊಂದು ಹೊಂದದೆ ಏರುಪೇರಾಗಿ ಕೇಳಿದವು. ಕೈಯನ್ನು ಮೊದಲಿನಿಂದ ತಿದ್ದಬೇಕೆಂದು ಗುರುಗಳು ಹೇಳಿದರು. ಹುಡುಗ ಮನೆಗೆ ಬಂದು ವಾದ್ಯವನ್ನು ಮುಚ್ಚಿಟ್ಟವನು ಮತ್ತೆ ತೆರೆಯಲಿಲ್ಲ. ಆ ತಪ್ಪು ಅವನದಲ್ಲ, ಕೊಂಡು ತಂದ ಭೌತಶಾಸ್ತ್ರದ ಅಧ್ಯಾಪಕರದು.

ಏಕೆ ಹೀಗಾಯಿತು? ಇದನ್ನು ತಿಳಿಯಲು ಪಿಯಾನೋ ಎಂದರೆ ಏನೆಂಬುದನ್ನು ಕೊಂಚ ವಿವರವಾಗಿ ನೋಡಬೇಕು.

ಪಿಯಾನೋಗಿಂತ ಮೊದಲು ಯೂರೋಪಿನಲ್ಲಿ ಹಾರ್ಪ್ಸಿಕಾರ್ಡ್ ಎಂಬ ವಾದ್ಯ ಬಳಕೆಯಲ್ಲಿತ್ತು. ಅದರ ಕೀಯನ್ನು ಒತ್ತಿದರೆ ಒಳಗಿನ ಸಣ್ಣ ಕೊಕ್ಕೊಂದು ತಂತಿಯನ್ನು ಮೀಟುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಒಂದೇ. ಈ ಕೊರತೆಯನ್ನು ನೀಗಿಸಿದವನು ಫ್ಲಾರೆನ್ಸ್ ನಗರದಲ್ಲಿ ಮೆದಿಚಿ ಮನೆತನದ ಸೇವೆಯಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಸುಮಾರು ೧೭೦೦ರಲ್ಲಿ ಅವನು ಮೀಟುವ ಕೊಕ್ಕಿನ ಬದಲು ಹೊಡೆಯುವ ಸುತ್ತಿಗೆಯನ್ನಿಟ್ಟ. ಇಟಲಿಯ ಭಾಷೆಯಲ್ಲಿ 'ಪಿಯಾನೋ' ಎಂದರೆ ಮೆಲ್ಲಗೆ, 'ಫೋರ್ತೆ' ಎಂದರೆ ಜೋರಾಗಿ. ಎರಡನ್ನೂ ನುಡಿಸಬಲ್ಲುದೆಂಬುದೇ ವಾದ್ಯದ ಹೆಸರಾಯಿತು. ಅವನು ೧೭೨೦ರಲ್ಲಿ ಮಾಡಿದ ಒಂದು ಪಿಯಾನೋ ಇಂದಿಗೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಕೀ ಎಂಬುದು ಒಂದು ಸನ್ನೆ. ಅದರ ಮುಂತುದಿ ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿಯುವಷ್ಟರಲ್ಲಿ ಸುತ್ತಿಗೆ ಅದರ ನಾಲ್ಕೈದರಷ್ಟು ದೂರ ಸಾಗುತ್ತದೆ. ತಂತಿಗೆ ತಗಲುವ ಕ್ಷಣಕ್ಕೆ ಸ್ವಲ್ಪ ಮೊದಲೇ ಕೀಗೂ ಸುತ್ತಿಗೆಗೂ ಇರುವ ಸಂಬಂಧ ಕಡಿದುಹೋಗುತ್ತದೆ. ಎಸೆದ ಕಲ್ಲಿನಂತೆ ಸುತ್ತಿಗೆ ಸ್ವತಂತ್ರವಾಗಿ ಹಾರಿ ತಂತಿಯನ್ನು ಹೊಡೆದು ಹಿಂದೆ ಬೀಳುತ್ತದೆ. ಕೈಬಿಟ್ಟ ಕಲ್ಲಿನ ಮೇಲೆ ಎಸೆದವನ ಅಧಿಕಾರ ಇಲ್ಲವಷ್ಟೆ? ಹಾಗೆಯೇ, ಒಂದು ಸ್ವರದ ಮಟ್ಟಿಗೆ ವಾದಕನು ಸುತ್ತಿಗೆಗೆ ಕೊಡಬಲ್ಲುದು ವೇಗವೊಂದನ್ನೇ. (ಪಿಯಾನೋ ಗುರುಗಳ ಮುಂದೆ ಈ ಮಾತನ್ನು ಆಡಿ ನಾವು ಒಮ್ಮೆ ಬೈಸಿಕೊಂಡಿದ್ದೇವೆ. ಆದರೂ ಭೌತಶಾಸ್ತ್ರ ನಮ್ಮ ಪಕ್ಷದಲ್ಲಿದೆ.)

ಡಿಜಿಟಲ್ ಪಿಯಾನೋವನ್ನು ಸಾಧ್ಯವಾಗಿಸಿದುದು ಈ ಸರಳ ಸಂಗತಿಯೇ. ವೇಗವನ್ನು ಅಳೆದರೆ ಸಾಕಷ್ಟೆ? ಪ್ರತಿ ಕೀಯ ಕೆಳಗೆ ಎರಡು ವಿದ್ಯುತ್ ಸಂಪರ್ಕಗಳಿರುತ್ತವೆ; ಕೀ ಇಳಿಯುವಾಗ ಒಂದಾದ ಮೇಲೊಂದು ಮುಚ್ಚಿಕೊಳ್ಳುತ್ತವೆ. ಅವುಗಳ ನಡುವೆ ೩ ಮಿಲಿಮೀಟರ್ ಅಂತರವಿದೆ ಎಂದಿಟ್ಟುಕೊಳ್ಳೋಣ. ಕೀ ಸೆಕೆಂಡಿಗೆ ೧೦ ಸೆಂಟಿಮೀಟರ್ ವೇಗದಿಂದ ಇಳಿದರೆ ಆ ಅಂತರಕ್ಕೆ ಒಂದು ಸೆಕೆಂಡಿನ ಸಾವಿರದಲ್ಲಿ ೩೦ ಭಾಗ ಹಿಡಿಯುತ್ತದೆ. ೬೦ ಸೆಂಟಿಮೀಟರ್ ವೇಗವಾದರೆ ೫ ಭಾಗ. ವಾದ್ಯದೊಳಗಿನ ಗಣಕ ಈ ಕಾಲವನ್ನು ನೋಡಿ ವೇಗಕ್ಕೆ ೧ರಿಂದ ೧೨೭ರವರೆಗೆ ಒಂದು ಅಂಕವನ್ನು ಕೊಡುತ್ತದೆ. ೧೯೮೩ರಲ್ಲಿ ಬಂದ ಮಿಡಿ ಎಂಬ ಏರ್ಪಾಡು ಈ ಅಂಕಗಳನ್ನು ಎಲ್ಲ ತಯಾರಕರಿಗೂ ಸಾಮಾನ್ಯವಾಗಿಸಿತು. ತೀರ ಅಗ್ಗದ ಕೀಬೋರ್ಡುಗಳಲ್ಲಿ ಈ ಅಳತೆಯೇ ಇರುವುದಿಲ್ಲ. ಹೇಗೆ ಒತ್ತಿದರೂ ಒಂದೇ ಸದ್ದು. ನಾವು ಕೊಂಡು ತಂದುದು ಅಂಥದು. ೪೦೦ ಟೋನುಗಳಿದ್ದರೂ ಅದು ಕ್ರಿಸ್ತೊಫೊರಿಗಿಂತ ಹಿಂದಿನ ಕಾಲದ ವಾದ್ಯ!

ಆದರೆ ವೇಗವನ್ನು ಅಳೆದ ಮಾತ್ರಕ್ಕೆ ಮುಗಿಯಲಿಲ್ಲ. ಬೆರಳು ಆ ವೇಗವನ್ನು ಹದವರಿತು ಕೊಡಬೇಕಾದರೆ ಎದುರಿಗೆ ತಕ್ಕ ಭಾರವಿರಬೇಕು. ಅಗ್ಗದ ಕೀಯ ಅಡಿಯಲ್ಲಿರುವುದು ಒಂದು ಸ್ಪ್ರಿಂಗು. ಹುಕ್ಕನ ನಿಯಮದಂತೆ ಅದು ಕುಗ್ಗಿದಷ್ಟೂ ಹೆಚ್ಚು ಎದುರೊತ್ತುತ್ತದೆ. ಮೇಲೆ ಹಗುರ, ತಳದಲ್ಲಿ ಬಿಗಿ. ಸುತ್ತಿಗೆಯ ಗುಣ ಇದಕ್ಕೆ ತೀರ ಬೇರೆ. ಅದು ಜಡತ್ವವುಳ್ಳ ವಸ್ತು. ಹೊರಡಿಸುವುದು ಕಷ್ಟ, ಹೊರಟ ಮೇಲೆ ತಾನಾಗಿ ಸಾಗುತ್ತದೆ. ಒಳ್ಳೆಯ ಡಿಜಿಟಲ್ ಪಿಯಾನೋದಲ್ಲಿ ಹೊಡೆಯಲು ತಂತಿಯಿಲ್ಲದಿದ್ದರೂ ಪ್ರತಿ ಕೀಗೂ ಒಂದೊಂದು ಸುತ್ತಿಗೆಯಂಥ ಭಾರವನ್ನು ಇಟ್ಟಿರುತ್ತಾರೆ, ಮಂದ್ರದ ಕಡೆ ಹೆಚ್ಚು, ತಾರದ ಕಡೆ ಕಡಿಮೆ. ನಲವತ್ತು ಸಾವಿರದಲ್ಲಿ ಬಹುಪಾಲು ಹೋಗುವುದು ಈ ಭಾರಕ್ಕೆ ಮತ್ತು ಅದನ್ನು ಹೊರುವ ಸನ್ನೆಗಳಿಗೆ. ಟೋನುಗಳಿಗೆ ಬೇಕಾದುದು ನೆನಪಿನ ಚಿಪ್ಪು ಮಾತ್ರ, ಅದು ಅಗ್ಗ. ಬೆಲೆಪಟ್ಟಿಯ ಒಗಟು ಇಷ್ಟೇ.

ಅಂಗಡಿಯ ಶಬ್ದಗಳ ವಿಷಯದಲ್ಲಿ ಎಚ್ಚರ ಅಗತ್ಯ. 'ಟಚ್ ಸೆನ್ಸಿಟಿವ್' ಎಂದರೆ ವೇಗವನ್ನು ಅಳೆಯುತ್ತದೆ ಎಂದಷ್ಟೇ ಅರ್ಥ, ಭಾರವಿರಬೇಕೆಂದಿಲ್ಲ. 'ಸೆಮಿ ವೇಟೆಡ್' ಎಂಬುದು ಸ್ಪ್ರಿಂಗಿಗೆ ಸ್ವಲ್ಪ ಭಾರ ಸೇರಿಸಿದ ಮಧ್ಯಮ ಮಾರ್ಗ. ಕೇಳಬೇಕಾದುದು 'ಹ್ಯಾಮರ್ ಆಕ್ಷನ್' ಇದೆಯೇ ಎಂದು.

ಒಂದು ಶನಿವಾರ ಆ ಹುಡುಗಿಯೊಡನೆ ನಾವೂ ಅಂಗಡಿಗೆ ಹೋದೆವು. ಜೇಬಿನಲ್ಲಿ ಹತ್ತು ರೂಪಾಯಿಯ ಎಂಟು ನಾಣ್ಯಗಳಿದ್ದವು. ಎರಡು ಲೋಹಗಳ ಆ ನಾಣ್ಯ ಒಂದೊಂದೂ ೭.೭೧ ಗ್ರಾಂ ತೂಗುತ್ತದೆ. ನಿಜವಾದ ಪಿಯಾನೋದ ನಡುಭಾಗದ ಕೀ ಮೆಲ್ಲಗೆ ಇಳಿಯಲು ಮುಂತುದಿಯಲ್ಲಿ ಸುಮಾರು ೫೦ ಗ್ರಾಂ ಬೇಕು, ಎಂದರೆ ಆರೇಳು ನಾಣ್ಯ. ಸ್ಪ್ರಿಂಗಿನ ಕೀಯ ತುದಿಯಲ್ಲಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದಾಗ ಅದು ಸ್ವಲ್ಪ ಸ್ವಲ್ಪವೇ ತಗ್ಗಿ ನಡುದಾರಿಯಲ್ಲಿ ನಿಂತಿತು. ಸುತ್ತಿಗೆಯ ಕೀಯಾದರೋ ಮೊದಮೊದಲು ಅಲುಗದೆ ನಿಂತು, ಕೊನೆಯ ನಾಣ್ಯಕ್ಕೆ ಹೊರಟು ನೇರವಾಗಿ ತಳ ಮುಟ್ಟಿತು. ಅಂಗಡಿಯವರು ನಾವು ಮುಂಗಡವನ್ನು ಚಿಲ್ಲರೆಯಲ್ಲಿ ಕೊಡುತ್ತಿದ್ದೇವೆಂದು ಭಾವಿಸಿದರೆಂದು ತೋರುತ್ತದೆ. ಕೆಲವು ಡಿಜಿಟಲ್ ಪಿಯಾನೋಗಳಿಗೆ ಇನ್ನೂ ಒಂದೆರಡು ನಾಣ್ಯ ಬೇಕಾಗಬಹುದು, ಅದು ದೋಷವಲ್ಲ.

ಅಲ್ಲಿದ್ದ ಯಮಾಹಾ ಪಿ-೧೪೩, ಕ್ಯಾಸಿಯೋ ಸಿಡಿಪಿ-ಎಸ್೧೧೦, ರೋಲಾಂಡ್ ಎಫ್‌ಪಿ-೧೦ ಈ ಮೂರಕ್ಕೂ ೮೮ ಕೀಗಳು, ಮೂರಕ್ಕೂ ಸುತ್ತಿಗೆಯ ಭಾರ. ಮಾದರಿಗಳ ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಬಹುಕಾಲ ಹೊಸಬರ ಮೆಚ್ಚಿನದಾಗಿದ್ದ ಪಿ-೪೫ರ ಜಾಗಕ್ಕೆ ೨೦೨೩ರಲ್ಲಿ ಪಿ-೧೪೩ ಬಂದಿತು. ನಾಳೆ ಇನ್ನೊಂದು ಬಂದೀತು. ಹುಡುಗಿಯ ಕಣ್ಣಿಗೆ ಕರವಸ್ತ್ರ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ಮೂರನ್ನೂ ಕಲಸುಮೇಲೋಗರವಾದ ಕ್ರಮದಲ್ಲಿ ಎರಡೆರಡು ಸಲ ನುಡಿಸಲು ಹೇಳಿದೆವು. ಮಾಡಿಸಿದ ಪರೀಕ್ಷೆಗಳು ಸುಲಭ, ವಾಚಕರೂ ಮಾಡಬಹುದು.

ಕೀಯನ್ನು ತೀರ ನಿಧಾನವಾಗಿ ಒತ್ತಿದರೆ ಸದ್ದೇ ಬರಬಾರದು. ನಿಜವಾದ ಸುತ್ತಿಗೆಯೂ ಆಗ ತಂತಿಯನ್ನು ಮುಟ್ಟುವುದಿಲ್ಲ. ಬಳಿಕ ಅದೇ ಕೀಯನ್ನು ಹಂತಹಂತವಾಗಿ ಬಲಪಡಿಸುತ್ತ ಹೊಡೆಯಬೇಕು. ಸದ್ದು ಹೆಚ್ಚಿದರೆ ಸಾಲದು, ನಾದಗುಣವೂ ಬದಲಾಗಬೇಕು. ಸುತ್ತಿಗೆಯ ತುದಿಯಲ್ಲಿರುವ ಉಣ್ಣೆಯ ಫೆಲ್ಟು ಬಲವಾದ ಹೊಡೆತಕ್ಕೆ ಅಮುಕಿಕೊಂಡು ಗಟ್ಟಿಯಾಗುತ್ತದೆ. ಆಗ ಮೇಲಿನ ಉಪಸ್ವರಗಳು ಹೆಚ್ಚಾಗಿ ಎದ್ದು ಧ್ವನಿ ಹೊಳಪೇರುತ್ತದೆ. ಈ ಹೊಳಪನ್ನು ಕೊಡಲು ತಯಾರಕರು ಒಂದೇ ಸ್ವರವನ್ನು ಬೇರೆ ಬೇರೆ ಬಲಗಳಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಅದರ ಖರ್ಚನ್ನು ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ ೪೪,೧೦೦ ಅಳತೆಗಳು, ಅಳತೆಗೆ ೨ ಬೈಟು, ಎಡಬಲ ಎರಡು ಕಿವಿಗಳು, ಸ್ವರಕ್ಕೆ ೧೦ ಸೆಕೆಂಡು, ೮೮ ಸ್ವರಗಳು. ಒಂದೇ ಬಲದ ಹೊಡೆತಕ್ಕೆ ಸುಮಾರು ೧೫.೫ ಕೋಟಿ ಬೈಟುಗಳಾದುವು. ಆದುದರಿಂದ ಅಗ್ಗದ ವಾದ್ಯಗಳಲ್ಲಿ ಧ್ವನಿಯ ಬಾಲವನ್ನು ಕತ್ತರಿಸಿ ಒಂದು ತುಣುಕನ್ನೇ ಸುತ್ತಿಸುತ್ತಾರೆ. ನೆರೆಯ ಕೀಗಳಿಗೆ ಒಂದೇ ಮುದ್ರಣವನ್ನು ಹಂಚುತ್ತಾರೆ. ಮಂದ್ರದ ಸ್ವರವೊಂದನ್ನು ಹಿಡಿದು ಅದು ಅಡಗುವವರೆಗೂ ಕೇಳಿದರೆ ಈ ಮಿತವ್ಯಯ ಕಿವಿಗೆ ಗೋಚರವಾಗುತ್ತದೆ.

ಏಕಕಾಲಕ್ಕೆ ಎಷ್ಟು ಸ್ವರಗಳು ಧ್ವನಿಸಬಲ್ಲವೆಂಬುದೂ ಪಟ್ಟಿಯಲ್ಲಿರುತ್ತದೆ: ೬೪, ೯೬, ೧೯೨. ಬೆರಳು ಹತ್ತೇ ಇದ್ದರೂ ಪೆಡಲ್ ತುಳಿದಾಗ ಬಿಟ್ಟ ಸ್ವರಗಳೂ ಮೊಳಗುತ್ತಲೇ ಇರುವುದರಿಂದ ಈ ಲೆಕ್ಕ. ಹೊಸಬರಿಗೆ ೬೪ ಸಾಕು. ಇದಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಧ್ವನಿವರ್ಧಕದ ವಿಷಯದಲ್ಲಿ ಪ್ರಕೃತಿ ನಮಗೆ ಸ್ವಲ್ಪ ರಿಯಾಯಿತಿ ತೋರಿಸಿದೆ. ಅತ್ಯಂತ ಕೆಳಗಿನ ಕೀಯ ಕಂಪನ ಸೆಕೆಂಡಿಗೆ ೨೭.೫, ಈ ವಾದ್ಯಗಳ ಪುಟ್ಟ ಧ್ವನಿವರ್ಧಕಗಳು ಅದನ್ನು ಹೊರಡಿಸಲಾರವು. ಆದರೂ ನಮಗೆ ಆ ಸ್ವರವೇ ಕೇಳುತ್ತದೆ! ೫೫, ೮೨.೫, ೧೧೦ ಎಂದು ಏರುವ ಉಪಸ್ವರಗಳನ್ನು ಕೇಳಿದ ಮಿದುಳು ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಸಾಧಾರಣವಾದ ನಿಜ ಪಿಯಾನೋದಲ್ಲಿಯೂ ಆ ಮೂಲಸ್ವರ ಬಹಳ ದುರ್ಬಲವಾಗಿಯೇ ಇರುತ್ತದೆ. ಮೇಲಾಗಿ ಹೆಡ್‌ಫೋನ್ ಇದ್ದರೆ ರಾತ್ರಿ ಅಭ್ಯಾಸಕ್ಕೆ ನೆರೆಮನೆಯವರ ಅಡ್ಡಿಯೂ ಇಲ್ಲ.

ಇಷ್ಟೇ ಹಣಕ್ಕೆ ಹಳೆಯ ಮರದ ಪಿಯಾನೋ ಸಿಗುತ್ತದೆಂದು ಯಾರೋ ಆಕೆಗೆ ಹೇಳಿದ್ದರು. ಅದರಲ್ಲಿ ಇನ್ನೂರಕ್ಕಿಂತ ಹೆಚ್ಚು ತಂತಿಗಳು. ಎಲ್ಲವೂ ಸೇರಿ ಚೌಕಟ್ಟನ್ನು ಎಳೆಯುವ ಬಲ ಹದಿನೈದು ಟನ್ನುಗಳನ್ನೂ ಮೀರುತ್ತದೆ. ಮಳೆಗಾಲಕ್ಕೆ ಮರ ಉಬ್ಬಿ ಬೇಸಿಗೆಗೆ ಕುಗ್ಗುವಾಗ ಶ್ರುತಿ ಕದಲುತ್ತದೆ; ಫೆಲ್ಟಿಗೆ ನುಸಿ ಬೀಳುತ್ತದೆ. ಕೊಳ್ಳುವ ಹಣಕ್ಕಿಂತ ಉಳಿಸಿಕೊಳ್ಳುವ ಹಣ ದೊಡ್ಡದಾದೀತು. ಬೇಡವೆಂದೆವು.

ಕರ್ನಾಟಕ ಸಂಗೀತವನ್ನು ನುಡಿಸುವ ಆಸೆಯುಳ್ಳವರಿಗೆ ಮಾತ್ರ ನಮ್ಮ ಸಲಹೆ ಬೇರೆ. ಪಿಯಾನೋದಲ್ಲಿ ಗಮಕವಿಲ್ಲ, ಎರಡು ಕೀಗಳ ನಡುವಿನ ಜಾರು ಅದಕ್ಕೆ ಅಸಾಧ್ಯ. ಸ್ವರವನ್ನು ಬಾಗಿಸುವ ಚಕ್ರವಿರುವ ಕೀಬೋರ್ಡನ್ನೇ ಅವರು ಆರಿಸಿಕೊಳ್ಳುವುದು ಲೇಸು. ಆ ಚಕ್ರ ಹೊಸಬರ ಡಿಜಿಟಲ್ ಪಿಯಾನೋಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಆರು ಸರದಿಗಳಲ್ಲಿ ಹುಡುಗಿ ಒಂದೇ ವಾದ್ಯವನ್ನು ಎರಡೂ ಸಲ ಮೆಚ್ಚಿದಳು. ಅದು ಮೂರರಲ್ಲಿ ದುಬಾರಿಯಾದುದಾಗಿರಲಿಲ್ಲ. ಯಾವುದೆಂದು ಬರೆಯುವುದಿಲ್ಲ, ಆಕೆಯ ಬೆರಳಿಗೆ ಒಪ್ಪಿದುದು ಇನ್ನೊಬ್ಬರ ಬೆರಳಿಗೆ ಒಪ್ಪಬೇಕೆಂಬ ನಿಯಮವಿಲ್ಲ. ಉಳಿದ ಹಣ ನಿಲುವಿಗೂ ಸ್ಟೂಲಿಗೂ ಹೋಯಿತು. ಮನೆಯ ಓದುವ ಮೇಜಿನ ಮೇಲೆಯೇ ಇಟ್ಟುಕೊಳ್ಳುತ್ತೇನೆಂದು ಆಕೆ ಹಟ ಹಿಡಿದಿದ್ದಳು. ಕೀಗಳ ಮೇಲ್ಮೈ ನೆಲದಿಂದ ಸುಮಾರು ೭೨ ಸೆಂಟಿಮೀಟರ್ ಇರಬೇಕು; ೭೫ ಸೆಂಟಿಮೀಟರ್ ಎತ್ತರದ ಮೇಜಿನ ಮೇಲೆ ವಾದ್ಯವನ್ನಿಟ್ಟರೆ ಮೊಣಕೈ ಮೇಲಕ್ಕೆದ್ದು ಹೆಗಲು ನೋಯುತ್ತದೆ. ಅಳತೆಪಟ್ಟಿಯನ್ನು ತಂದೆಯೇ ತಂದು ಹಿಡಿದು ನೋಡಿ, "ಮೇಷ್ಟ್ರು ಹೇಳುವುದು ಸರಿ, ಹೊಲಿಗೆ ಮೆಷಿನ್ನಿಗೂ ಹೀಗೇ" ಎಂದರು.

ಹನ್ನೊಂದು ಹನ್ನೆರಡು ಕಿಲೋಗ್ರಾಂ ತೂಕದ ಆ ಪೆಟ್ಟಿಗೆ ಆಟೋವಿನ ಹಿಂದಿನ ಸೀಟಿನಲ್ಲಿ ಅಡ್ಡಡ್ಡಲಾಗಿ, ಒಂದು ತುದಿ ಹೊರಗೆ ಚಾಚಿಕೊಂಡು ಮನೆ ಸೇರಿತು. ಅಂದಿನ ಸಂಜೆಯೇ ೮೮ ಕೀಗಳನ್ನೂ ಒಂದೊಂದಾಗಿ, ಮೆಲ್ಲಗೊಮ್ಮೆ ಜೋರಾಗೊಮ್ಮೆ ಒತ್ತಿ ಪರೀಕ್ಷಿಸಿ, ರಸೀದಿಯನ್ನು ಜೋಪಾನ ಮಾಡಲು ಹೇಳಿದೆವು. ೮೭ ಸರಿಯಾಗಿದ್ದವು. ತಾರದ ಒಂದು ಕಪ್ಪು ಕೀ ಮೆಲ್ಲನೆಯ ಒತ್ತಿಗೂ ಕಿರಿಚುತ್ತಿತ್ತು; ಎರಡು ಸಂಪರ್ಕಗಳಲ್ಲಿ ಒಂದಕ್ಕೆ ಧೂಳು ಹಿಡಿದಿದ್ದಿರಬೇಕು. ಸೋಮವಾರ ಅಂಗಡಿಯವರು ಬೇರೆ ವಾದ್ಯ ಕೊಟ್ಟರು.