ಅಂಗಳಕ್ಕೆ ಬಂದ ಶಾಲೆ

ಶಾಲೆಗೆ ಬಾರದ ಮಗುವನ್ನು ದೂಷಿಸುವುದು ಸುಲಭ. ಸೋಮಾರಿಯೆನ್ನಬಹುದು; ಹೆತ್ತವರಿಗೆ ವಿದ್ಯೆಯ ಬೆಲೆ ತಿಳಿಯದೆನ್ನಬಹುದು. ಆ ಮಗುವಿನ ದಿನ ಹೇಗೆ ಕಳೆಯುತ್ತದೆಂಬುದನ್ನು ಅದರ ಮನೆ ಬಾಗಿಲಿಗೇ ಹೋಗಿ ನೋಡಿದವರು ವಿರಳ. ಅಂಥ ವಿರಳರಲ್ಲಿ ತಾರಾಬಾಯಿ ಮೋಡಕ್ ಒಬ್ಬರು.

1892ರಲ್ಲಿ ಜನಿಸಿದ ಈ ವಿದ್ಯಾವಂತ ಮಹಿಳೆ ಶಿಶುಶಿಕ್ಷಣದ ದೀಕ್ಷೆ ಪಡೆದದ್ದು ಭಾವನಗರದಲ್ಲಿ. ಅಲ್ಲಿ ವಕೀಲಿ ವೃತ್ತಿಯನ್ನು ತೊರೆದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದ್ದರು. ಬೆತ್ತವಿಲ್ಲ, ಬಾಯಿಪಾಠವಿಲ್ಲ; ಮಗು ತನಗೆ ಬೇಕಾದುದನ್ನು ತಾನೇ ಆರಿಸಿ, ಮುಟ್ಟಿ, ಮಾಡಿ ಕಲಿಯಬೇಕೆಂಬ ಮಾಂಟೆಸೊರಿ ತತ್ತ್ವವೇ ಅಲ್ಲಿನ ತಳಹದಿ. ವಿಪರ್ಯಾಸವೆಂದರೆ, 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಹುಟ್ಟಿದ ಆ ಪದ್ಧತಿ ನಮ್ಮಲ್ಲಿಗೆ ಬರುವ ವೇಳೆಗೆ ದುಬಾರಿ ಸಾಮಗ್ರಿಗಳೊಡನೆ ಪಟ್ಟಣದ ಉಳ್ಳವರ ಮಕ್ಕಳ ಪಾಲಾಗತೊಡಗಿತ್ತು.

1945ರಲ್ಲಿ ತಾರಾಬಾಯಿಯವರು ಆಗಿನ ಠಾಣೆ ಜಿಲ್ಲೆಯ ಕಡಲತೀರದ ಬೋರ್ಡಿ ಗ್ರಾಮಕ್ಕೆ ಬಂದರು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾಗಿ, ಛಲದಿಂದ ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅವರ ಜೊತೆಗೂಡಿದರು. ಬಾಲವಾಡಿಯೇನೋ ತೆರೆಯಿತು, ದಲಿತರ ಕೇರಿಯ ಮಕ್ಕಳು ಮಾತ್ರ ಬರಲಿಲ್ಲ. ಹಾಗಾದರೆ ಬಾಲವಾಡಿಯೇ ಕೇರಿಗೆ ಹೋಗಲಿ ಎಂದರು ತಾರಾಬಾಯಿ. ಮನೆಯಂಗಳದಲ್ಲಿಯೇ ಮಕ್ಕಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಆಟಪಾಠಗಳಿಗೆ ಕೂರಿಸಲಾಯಿತು. ದುಬಾರಿ ಸಾಮಗ್ರಿಗಳ ಸ್ಥಾನವನ್ನು ಬೆಣಚುಕಲ್ಲು, ಬೀಜ, ಎಲೆ, ಕಪ್ಪೆಚಿಪ್ಪುಗಳು ತುಂಬಿದವು. ಎಣಿಸುವುದಕ್ಕೆ ಹುಣಿಸೆಬೀಜ ಸಾಲದೇನು? ಅಂಗಣದಲ್ಲಿ ನಡೆದುದರಿಂದ ಅದು ಅಂಗಣವಾಡಿಯಾಯಿತು.

1950ರ ದಶಕದ ಉತ್ತರಾರ್ಧದಲ್ಲಿ ಕಾರ್ಯಕ್ಷೇತ್ರ ಕೋಸಬಾಡ್ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಸಾಗಿತು. ಇಲ್ಲಿಯ ತೊಡಕು ಬೇರೆ. ತಾಯಿತಂದೆಯರು ಕೂಲಿಗೆ ಹೋದರೆ ಏಳೆಂಟು ವರ್ಷದ ಹುಡುಗಿಯ ಸೊಂಟದ ಮೇಲೆ ತಮ್ಮನೋ ತಂಗಿಯೋ ಕುಳಿತಿರುತ್ತಿತ್ತು. ಕೂಸನ್ನು ಇಳಿಸದೆ ಅವಳು ಶಾಲೆಗೆ ಬರುವುದೆಂತು? ಶಿಶುಪಾಲನೆ, ಬಾಲವಾಡಿ, ಪ್ರಾಥಮಿಕ ಶಾಲೆ, ಈ ಮೂರನ್ನೂ ಒಂದೇ ಆವರಣಕ್ಕೆ ತಂದು ಅದಕ್ಕೆ ‘ವಿಕಾಸವಾಡಿ’ ಎಂದರು. ಕೂಸು ತೊಟ್ಟಿಲಿನಲ್ಲಿ, ಅಕ್ಕ ತರಗತಿಯಲ್ಲಿ. ಇನ್ನು ದನ ಕಾಯುವ ಹುಡುಗರು? ಅವರಿಗಾಗಿ ಗುರುಗಳೇ ಹುಲ್ಲುಗಾವಲಿಗೆ ನಡೆದರು. ಮರಾಠಿಯಲ್ಲಿ ‘ಕುರಣ’ವೆಂದರೆ ಹುಲ್ಲುಗಾವಲು, ಆ ಶಾಲೆಗೆ ‘ಕುರಣಶಾಳಾ’ ಎಂಬ ಹೆಸರೇ ನಿಂತಿತು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಪ್ರಾರಂಭಿಸಿತು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದು. ಕನ್ನಡನಾಡಿನ ಹಳ್ಳಿಯ ತಾಯಂದಿರ ಬಾಯಲ್ಲಿ ‘ಅಂಗನವಾಡಿ’ ಮನೆಮಾತಾದುದು ಅಲ್ಲಿಂದೀಚೆಗೆ. ಹೆಸರು ಬಂದಷ್ಟು ಬೇಗ ಅದರ ಹಿಂದಿನ ವಿಚಾರ ಬಂದಿತೆನ್ನಲಾಗದು. ಮೂರು ವರ್ಷದ ಕೂಸಿನ ಕೈಗೆ ಸ್ಲೇಟು ಕೊಟ್ಟು ಅಕ್ಷರ ತಿದ್ದಿಸುವ ಆತುರ ಹಿರಿಯರಿಗೆ ಇಂದಿಗೂ ಹೋಗಿಲ್ಲ.

ತಾರಾಬಾಯಿ 1973ರಲ್ಲಿಯೇ ತೀರಿಕೊಂಡಿದ್ದರು. 1992ರಲ್ಲಿ ನಿಧನರಾದ ಅನುತಾಯಿ, ಗೆಳತಿ ಅಗಲಿದ ಮೇಲೂ ಬಹುಕಾಲ ಕೋಸಬಾಡ್ ಗುಡ್ಡದ ಮೇಲೆಯೇ ಆ ಕೆಲಸವನ್ನು ನಡೆಸಿಕೊಂಡು ಬಂದರು.