ಬೊಟಾಕ್ಸ್ ಇಳಿದ ಮೇಲೂ ಉಳಿಯುವ ಇಎಂಐ: ಸುಕ್ಕಿನ ಇಂಜೆಕ್ಷನ್ನಿಗೆ ದುಡ್ಡು ಹೊಂದಿಸೋದು ಹೇಗೆ?

 

ಇವತ್ತಿನ ವಿಷಯ ಶುರುವಾಗಿದ್ದು ಒಂದು ವಾಯ್ಸ್ ನೋಟ್‌ನಿಂದ. ಬೆಂಗಳೂರಿನಲ್ಲಿ ಕೆಲಸ ಮಾಡುವ 29 ವರ್ಷದ ಕೇಳುಗರೊಬ್ಬರು ಕಳಿಸಿದ್ದು. "ಅಕ್ಕಾ, ಇನ್ನೆರಡು ತಿಂಗಳಿಗೆ ನನ್ನ ಮದುವೆ. ಹುಬ್ಬಿನ ಮಧ್ಯೆ ಎರಡು ಗೆರೆ ಬಿದ್ದಿದೆ. ಬೊಟಾಕ್ಸ್ ಮಾಡಿಸ್ಕೋಬೇಕು ಅಂತಿದೀನಿ. ಕ್ಲಿನಿಕ್‌ನವರು ವರ್ಷದ ಪ್ಯಾಕೇಜ್ ತಗೊಳ್ಳಿ, ನೋ ಕಾಸ್ಟ್ ಇಎಂಐ ಇದೆ ಅಂತಾರೆ. ಫ್ರೆಂಡ್ ಒಬ್ಬಳು, ನಮ್ಮ ಪಾರ್ಲರ್‌ನಲ್ಲಿ ಅರ್ಧ ರೇಟಿಗೆ ಹಾಕ್ತಾರೆ ಬಾ ಅಂತಾಳೆ. ಯಾವುದು ಸರಿ?"

ಬೇಕೋ ಬೇಡವೋ ಅನ್ನೋದು ಅವರ ಮುಖ, ಅವರ ನಿರ್ಧಾರ. ಉಪದೇಶ ಮಾಡೋಕೆ ನಾವಿಲ್ಲ. ಮಾಡಿಸಿಕೊಳ್ಳೋದೇ ಆದ್ರೆ ಜೇಬಿಗೂ ಮುಖಕ್ಕೂ ಪೆಟ್ಟು ಬೀಳದ ಹಾಗೆ ಹೇಗೆ ಅಂತ ನೋಡೋಣ.

ಮೊದಲು, ಏನಿದು?

ಬೊಟಾಕ್ಸ್ ಅನ್ನೋದು ಒಂದು ಬ್ರ್ಯಾಂಡ್ ಹೆಸರು. ಒಳಗಿರುವ ಔಷಧ ಬೊಟುಲಿನಮ್ ಟಾಕ್ಸಿನ್. ಒಂದು ಬ್ಯಾಕ್ಟೀರಿಯಾ ತಯಾರಿಸುವ ವಿಷವನ್ನೇ ಶುದ್ಧಗೊಳಿಸಿ, ಅತಿ ಸಣ್ಣ ಪ್ರಮಾಣದಲ್ಲಿ ಬಳಸುತ್ತಾರೆ. ನರದಿಂದ ಸ್ನಾಯುವಿಗೆ ಹೋಗುವ 'ಬಿಗಿಯಾಗು' ಅನ್ನೋ ಸಂದೇಶವನ್ನು ಅದು ತಡೆಯುತ್ತದೆ. ಸ್ನಾಯು ಸಡಿಲವಾದರೆ ಮೇಲಿನ ಚರ್ಮದ ಮಡಿಕೆಯೂ ಸಡಿಲ.

ಮೊದಲು ಇದು ಕಣ್ಣಿನ ಔಷಧ. ಅಮೆರಿಕದಲ್ಲಿ 1989ರಲ್ಲಿ ಮೆಳ್ಳೆಗಣ್ಣಿನ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಕೆನಡಾದ ಕಣ್ಣಿನ ವೈದ್ಯೆ ಜೀನ್ ಕ್ಯಾರುಥರ್ಸ್ ಮತ್ತು ಅವರ ಪತಿ, ಚರ್ಮವೈದ್ಯ ಅಲಸ್ಟೇರ್, ಇದರಿಂದ ಹುಬ್ಬಿನ ನಡುವಿನ ಗೆರೆಯೂ ಮಾಯವಾಗುತ್ತೆ ಅಂತ ತೋರಿಸಿಕೊಟ್ಟರು. 2002ರಲ್ಲಿ ಆ ಗೆರೆಗೂ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ದುಡ್ಡಿನ ಲೆಕ್ಕಕ್ಕೆ ಬೇಕಾದ ಮುಖ್ಯ ಮಾತು ಇಷ್ಟೇ: ಪರಿಣಾಮ ಮೂರ್ನಾಲ್ಕು ದಿನಕ್ಕೆ ಶುರುವಾಗಿ, ಎರಡು ವಾರದಲ್ಲಿ ಪೂರ್ತಿ ಕಾಣಿಸಿ, ಸುಮಾರು 3ರಿಂದ 4 ತಿಂಗಳಲ್ಲಿ ಇಳಿದುಹೋಗುತ್ತದೆ.

ಒಂದು ಸಲದ ರೇಟ್ ಅಲ್ಲ, ವರ್ಷದ ರೇಟ್ ನೋಡಿ

ಬೊಟಾಕ್ಸ್ ಅಳೆಯೋದು 'ಯುನಿಟ್' ಲೆಕ್ಕದಲ್ಲಿ. ಹುಬ್ಬಿನ ನಡುವಿನ ಗೆರೆಗೆ ತಯಾರಕರು ಸೂಚಿಸಿರುವ ಪ್ರಮಾಣ 20 ಯುನಿಟ್. ಹಣೆ, ಎರಡೂ ಕಣ್ಣಂಚು ಸೇರಿಸಿದ್ರೆ ಒಟ್ಟು 64.

ರೇಟು ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಬೇರೆ. ಲೆಕ್ಕಕ್ಕೆ ಯುನಿಟ್‌ಗೆ 300 ರೂಪಾಯಿ ಅಂತ ಇಟ್ಟುಕೊಳ್ಳೋಣ. 20 ಯುನಿಟ್‌ಗೆ 6,000. ಬಹುತೇಕ ಬಿಲ್‌ನಲ್ಲಿ ಇದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತೆ. ಅಲ್ಲಿಗೆ 7,080. ವರ್ಷಕ್ಕೆ ಮೂರು ಸಲ ಅಂದ್ರೆ 21,240. ಮೂರೂ ಜಾಗಕ್ಕೆ ಮಾಡಿಸಿದ್ರೆ? ಒಂದು ಸಲಕ್ಕೇ 22,656. ವರ್ಷಕ್ಕೆ ಸುಮಾರು 68,000!

ಹಾಗಾಗಿ ಖರ್ಚು ತಗ್ಗಿಸುವ ಮೊದಲ ದಾರಿ ಡಿಸ್ಕೌಂಟ್ ಕೂಪನ್ ಅಲ್ಲ. ನಿಮಗೆ ನಿಜವಾಗಿ ಬೇಜಾರು ತರುವ ಜಾಗ ಯಾವುದು ಅಂತ ಯೋಚಿಸಿ, ಅಷ್ಟಕ್ಕೆ ಮಾತ್ರ ಮಾಡಿಸೋದು.

ಇನ್ಶೂರೆನ್ಸ್ ಕೊಡಲ್ವಾ? ಇಲ್ಲ. ಅಂದ ಹೆಚ್ಚಿಸಿಕೊಳ್ಳಲು ಮಾಡಿಸುವ ಚಿಕಿತ್ಸೆಯನ್ನು ಆರೋಗ್ಯ ವಿಮೆ ಹೊರಗಿಟ್ಟಿದೆ.

ನೋ ಕಾಸ್ಟ್ ಇಎಂಐ ನಿಜವಾಗಲೂ ಫ್ರೀನಾ?

ಒಂದು ಉದಾಹರಣೆ. ಪ್ಯಾಕೇಜ್‌ಗೆ 24,000, ತಿಂಗಳಿಗೆ 2,000ದಂತೆ 12 ಕಂತು, 'ಬಡ್ಡಿ ಇಲ್ಲ'. ಅದೇ ಪ್ಯಾಕೇಜ್‌ಗೆ ಯುಪಿಐನಲ್ಲಿ ಈಗಲೇ ಕೊಡ್ತೀನಿ ಅಂದ್ರೆ ಎಷ್ಟು ಅಂತ ಕೇಳಿ. 21,000 ಅಂದ್ರು ಅನ್ಕೊಳ್ಳಿ. ಆ 3,000 ರೂಪಾಯಿ ವ್ಯತ್ಯಾಸವೇ ಬಡ್ಡಿ. ಲೆಕ್ಕ ಹಾಕಿದ್ರೆ ವರ್ಷಕ್ಕೆ ಸುಮಾರು ಶೇ 25 ಆಗುತ್ತೆ. ಪ್ರೊಸೆಸಿಂಗ್ ಫೀ ಇದ್ರೆ ಅದು ಬೇರೆ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ಆರ್‌ಬಿಐ 2013ರಲ್ಲೇ ಬ್ಯಾಂಕ್‌ಗಳಿಗೆ ಹೇಳಿತ್ತು.

ಸಾಲ ಮಾಡಲೇಬೇಕು ಅಂದ್ರೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೇಳಿ. ಅಕ್ಟೋಬರ್ 2024ರಿಂದ ಇಂಥ ಸಾಲಗಳಿಗೆ ಇದನ್ನು ಕೊಡೋದು ಕಡ್ಡಾಯ. ಅದರಲ್ಲಿ ಎಪಿಆರ್ ಅಂತ ಒಂದು ಸಂಖ್ಯೆ ಇರುತ್ತೆ. ಬಡ್ಡಿ, ಫೀ ಎಲ್ಲ ಸೇರಿಸಿದ ನಿಜವಾದ ವಾರ್ಷಿಕ ಖರ್ಚು ಅದು. ಜಾಹೀರಾತು ಬಿಟ್ಟು ಆ ಸಂಖ್ಯೆ ನೋಡಿ.

ಇನ್ನೊಂದು ವಿಷಯ. ನಾಲ್ಕು ತಿಂಗಳಿಗೆ ಇಳಿದುಹೋಗುವ ಒಂದೇ ಇಂಜೆಕ್ಷನ್ನಿಗೆ ಹನ್ನೆರಡು ತಿಂಗಳ ಕಂತು ಹಾಕಿಕೊಂಡರೆ, ಗೆರೆ ವಾಪಸ್ ಬಂದಿರುತ್ತೆ, ಕಂತು ಇನ್ನೂ ಎಂಟು ಬಾಕಿ. ಒಂದು ಕಂತು ತಪ್ಪಿದ್ರೂ ಸಿಬಿಲ್ ಸ್ಕೋರ್‌ಗೆ ಪೆಟ್ಟು. ವರ್ಷದ ಪ್ಯಾಕೇಜ್ ಆದ್ರೆ ಬೇರೆ ತೊಂದರೆ: ಮೊದಲ ಸಲವೇ ನಿಮಗೆ ಇಷ್ಟ ಆಗದಿದ್ರೂ ಸಾಲ ನಿಲ್ಲಲ್ಲ.

ಇದನ್ನೇ ತಿರುಗಿಸಿ ಮಾಡಿ. ತಿಂಗಳಿಗೆ 1,770 ರೂಪಾಯಿ ಆರ್‌ಡಿಗೋ ಚೀಟಿಗೋ ಹಾಕಿದ ಹಾಗೆ ಪಕ್ಕಕ್ಕಿಡಿ. ನಾಲ್ಕು ತಿಂಗಳಿಗೆ ಸರಿಯಾಗಿ 7,080 ಆಗುತ್ತೆ. ಒಂದು ತಿಂಗಳು ದುಡ್ಡು ಸಾಲಲಿಲ್ವಾ, ಮುಂದಕ್ಕೆ ಹಾಕಿ. ನಿಲ್ಲಿಸಿದ್ರೆ ಮುಖ ಮೊದಲಿದ್ದ ಹಾಗೆ ಆಗುತ್ತೆ ಅಷ್ಟೇ. ನಿಲ್ಲಿಸಿದ್ದಕ್ಕೇ ಸುಕ್ಕು ಹೆಚ್ಚಾಗುತ್ತೆ ಅನ್ನೋದು ತಪ್ಪು ತಿಳಿವಳಿಕೆ.

ಅರ್ಧ ರೇಟಿನ ಪಾರ್ಲರ್

ಇಲ್ಲಿ ಮಾತ್ರ ನಮ್ಮ ಉತ್ತರ ನೇರ: ಬೇಡ.

ಬೊಟಾಕ್ಸ್ ಬಾಟಲಿಯಲ್ಲಿ ಪುಡಿಯಂತೆ ಇರುತ್ತೆ, ಸಲೈನ್ ಸೇರಿಸಿ ಕರಗಿಸುತ್ತಾರೆ. ಕರಗಿಸಿದ ಮೇಲೆ ಫ್ರಿಡ್ಜ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು ಅನ್ನೋದು ತಯಾರಕರ ಸೂಚನೆ. ನೀರು ಜಾಸ್ತಿ ಸೇರಿಸಿದ್ರೂ ಸಿರಿಂಜ್‌ನಲ್ಲಿ ಅದೇ ತಿಳಿ ದ್ರವ. ನೋಡಿ ಕಂಡುಹಿಡಿಯೋಕಾಗಲ್ಲ. ಆದ್ದರಿಂದಲೇ 'ಹಣೆಗೆ ಇಷ್ಟು' ಅನ್ನೋ ರೇಟಿಗಿಂತ 'ಯುನಿಟ್‌ಗೆ ಇಷ್ಟು' ಅನ್ನೋ ರೇಟು ವಾಸಿ.

ನಕಲಿ ಮಾಲಂತೂ ಜೀವಕ್ಕೇ ಅಪಾಯ. ಏಪ್ರಿಲ್ 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಅಥವಾ ಸರಿಯಾಗಿ ನಿರ್ವಹಿಸದ ಇಂಜೆಕ್ಷನ್‌ನಿಂದ ಜನ ಆಸ್ಪತ್ರೆ ಸೇರಿದರು. ಮನೆ, ಸ್ಪಾಗಳಲ್ಲಿ, ಪರವಾನಗಿ ಇಲ್ಲದವರಿಂದ ಹಾಕಿಸಿಕೊಂಡವರೂ ಅವರಲ್ಲಿದ್ದರು.

ಕ್ಲಿನಿಕ್‌ಗೆ ಹೋದಾಗ ಇಷ್ಟು ಮಾಡಿ:

- ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗೆ ಕೆಪಿಎಂಇ ನೋಂದಣಿ ಇರಲೇಬೇಕು. ಗೋಡೆ ಮೇಲೆ ಪ್ರಮಾಣಪತ್ರ ಇದೆಯಾ ನೋಡಿ.
- ಸೂಜಿ ಹಿಡಿಯೋದು ಯಾರು ಅಂತ ಕೇಳಿ. ಚರ್ಮವೈದ್ಯರೋ ಪ್ಲಾಸ್ಟಿಕ್ ಸರ್ಜನ್ನೋ ಆಗಿದ್ರೆ ಒಳ್ಳೇದು.
- ಬಾಟಲಿಯ ಬ್ರ್ಯಾಂಡ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ತೋರಿಸೋಕೆ ಹೇಳಿ. ಫೋಟೊ ತೆಗೆದುಕೊಳ್ಳಿ.
- ಎಷ್ಟು ಯುನಿಟ್ ಹಾಕಿದ್ರು ಅಂತ ಬಿಲ್‌ನಲ್ಲಿ ಬರೆಸಿ.
- ಒಂದು ಬ್ರ್ಯಾಂಡ್‌ನ ಯುನಿಟ್ ಇನ್ನೊಂದಕ್ಕೆ ಸಮ ಅಲ್ಲ. ಬೊಟಾಕ್ಸ್ 20 ಯುನಿಟ್ ಬೇಕಾದ ಜಾಗಕ್ಕೆ ಡಿಸ್ಪೋರ್ಟ್ 50 ಬೇಕು. ಯುನಿಟ್ ರೇಟು ಕಡಿಮೆ ಅಂತ ಖುಷಿಪಡೋ ಮುಂಚೆ ಒಟ್ಟು ಮೊತ್ತ ಕೇಳಿ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ನರ-ಸ್ನಾಯು ಸಂಬಂಧಿ ಕಾಯಿಲೆ ಇರುವವರು ವೈದ್ಯರಿಗೆ ಮೊದಲೇ ಹೇಳಲೇಬೇಕು. ಹಾಕಿಸಿಕೊಂಡ ಮೇಲೆ ನುಂಗೋಕೆ, ಮಾತಾಡೋಕೆ, ಉಸಿರಾಡೋಕೆ ಕಷ್ಟ ಆದ್ರೆ ನೇರ ಎಮರ್ಜೆನ್ಸಿಗೆ ಹೋಗಿ. ನಾಳೆ ನೋಡೋಣ ಅಂತ ಕೂರಬೇಡಿ.

ಹಾಗಾದ್ರೆ ಮದುಮಗಳಿಗೆ ಉತ್ತರ?

ಪ್ಯಾಕೇಜ್ ಬೇಡ, ಇಎಂಐ ಬೇಡ, ಪಾರ್ಲರ್ ಖಂಡಿತ ಬೇಡ. ಮೊದಲು ಚರ್ಮವೈದ್ಯರಿಗೆ ಗೆರೆ ತೋರಿಸಿ. ದುಡ್ಡಿನ ಯೋಚನೆ ಇದ್ರೆ ವಿಕ್ಟೋರಿಯಾ, ಬೋರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲೂ ಸಲಹೆ ಕೇಳಬಹುದು. ಮಾಡಿಸೋದು ಅಂತಾದ್ರೆ ಹುಬ್ಬಿನ ನಡುವೆ ಮಾತ್ರ, ಒಂದೇ ಸಲಕ್ಕೆ ದುಡ್ಡು ಕೊಟ್ಟು ಮಾಡಿಸಿ. ಮದುವೆಗೆ ಒಂದು ತಿಂಗಳಾದರೂ ಮೊದಲು ಮಾಡಿಸಿ. ಪೂರ್ತಿ ಕಾಣಿಸೋಕೆ ಎರಡು ವಾರ ಬೇಕು, ಏನಾದ್ರೂ ಸರಿಮಾಡಬೇಕಾದ್ರೂ ಸಮಯ ಸಿಗುತ್ತೆ.

ಕೊನೆಗೆ, ತೀರಾ ಅಗ್ಗದ ಉಪಾಯ ಒಂದಿದೆ. ಆಸ್ಟ್ರೇಲಿಯಾದ ನಾಂಬೋರ್‌ನಲ್ಲಿ 900ಕ್ಕೂ ಹೆಚ್ಚು ಜನರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮಕ್ಕೆ ನಾಲ್ಕೂವರೆ ವರ್ಷದಲ್ಲಿ ವಯಸ್ಸಾಗಿದ್ದು ಉಳಿದವರಿಗಿಂತ ಶೇ 24ರಷ್ಟು ಕಡಿಮೆ. ಅದಕ್ಕೆ ಯಾರೂ ಇಎಂಐ ಕೇಳಲ್ಲ.

ನಿಮಗೂ ಇಂಥ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮದುಮಗಳಿಗೆ ನಮ್ಮೆಲ್ಲರ ಶುಭಾಶಯ. ಮುಂದಿನ ಸಂಚಿಕೆಯಲ್ಲಿ ಸಿಗೋಣ.