ಪೆಟ್ರೋಲ್ ಒಳಹೋಗಲು ಗಾಳಿ ಹೊರಬರಬೇಕು

ಅಮೆರಿಕದ ನಿಯಮದಂತೆ ಅಲ್ಲಿನ ಬಂಕುಗಳ ಪಂಪು ನಿಮಿಷಕ್ಕೆ ಹೆಚ್ಚೆಂದರೆ 10 ಗ್ಯಾಲನ್, ಎಂದರೆ ಸುಮಾರು 38 ಲೀಟರ್ ಪೆಟ್ರೋಲನ್ನು ಸುರಿಸಬಹುದು. ಆದರೆ ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಒಂದೆರಡು ಲೀಟರ್ ಬೀಳುವಷ್ಟರಲ್ಲಿಯೇ ನಾಜಲ್ 'ಟಕ್' ಎಂದು ನಿಂತುಬಿಡುವುದುಂಟು. ಚಾಲಕನು ಪಂಪನ್ನು ಬೈಯುವನು. ತಪ್ಪು ಬಹುಮಟ್ಟಿಗೆ ಕಾರಿನದೇ.

ನಾಜಲಿನ ತುದಿಯಲ್ಲಿ ಸಣ್ಣ ರಂಧ್ರವೊಂದಿದೆ. ಒಳಗಿನ ಇಕ್ಕಟ್ಟಾದ ಕಂಠದಲ್ಲಿ ಪೆಟ್ರೋಲ್ ವೇಗವಾಗಿ ಹರಿಯುವಾಗ ಒತ್ತಡ ಕುಗ್ಗುತ್ತದೆ. ಬರ್ನೌಲಿ 1738ರಲ್ಲಿ ಪ್ರಕಟಿಸಿದ ತತ್ತ್ವವಿದು. ಆ ಕೊರತೆಯನ್ನು ತುಂಬಲು ರಂಧ್ರದಿಂದ ಗಾಳಿ ನುಗ್ಗುತ್ತಿರುತ್ತದೆ. ಪೆಟ್ರೋಲಾಗಲಿ ಅದರ ನೊರೆಯಾಗಲಿ ರಂಧ್ರವನ್ನು ಮುಚ್ಚಿದೊಡನೆ ಒತ್ತಡ ಇನ್ನೂ ಇಳಿದು, ತೆಳುವಾದ ಪೊರೆಯೊಂದು ಸೆಳೆಯಲ್ಪಟ್ಟು, ಕವಾಟ ಮುಚ್ಚಿಕೊಳ್ಳುತ್ತದೆ. ಟ್ಯಾಂಕು ತುಂಬಿತೋ ಇಲ್ಲವೋ, ಪಾಪ, ಅದಕ್ಕೇನು ಗೊತ್ತು!

38 ಲೀಟರ್ ಒಳಹೋಗಲು ಅಷ್ಟೇ ಗಾತ್ರದ ಗಾಳಿಯೂ ಆವಿಯೂ ಜಾಗ ಬಿಡಬೇಕಷ್ಟೆ. ತಗ್ಗಾದ ಈ ಕಾರುಗಳಲ್ಲಿ ತುಂಬುವ ಕೊಳವೆ ಡೊಂಕಾಗಿ, ಇಳಿಜಾರು ಸಾಲದೆ ಇರುವುದುಂಟು. ಹೊರಡುವ ಆವಿಯನ್ನು ಡಬ್ಬಿಯೊಂದರಲ್ಲಿರುವ ಇದ್ದಲು ಹೀರಿಕೊಂಡು ಗಾಳಿಯನ್ನು ಮಾತ್ರ ಬಿಡುತ್ತದೆ. ಈ ದಾರಿ ಕಟ್ಟಿಕೊಂಡರೆ ಪೆಟ್ರೋಲ್ ಕೊಳವೆಯಲ್ಲಿಯೇ ಉಕ್ಕಿ ಬರುತ್ತದೆ.

ಹಿಡಿಕೆಯನ್ನು ಅರ್ಧವೇ ಒತ್ತಿ, ನಾಜಲನ್ನು ಕೊಂಚ ತಿರುಗಿಸಿ ಹಿಡಿದರೆ ಅಂದಿನ ಕೆಲಸ ನಡೆದೀತು. ಆದರೆ ಟ್ಯಾಂಕು ತುಂಬಿದ ಮೇಲೂ ಇನ್ನಷ್ಟು ತುರುಕುವ ಚಟ ಕೆಟ್ಟದ್ದು. ದ್ರವವೇ ಡಬ್ಬಿಗೆ ನುಗ್ಗಿ ಇದ್ದಲು ನೆನೆದರೆ ಮರುಸಲ ತುಂಬುವುದು ಮತ್ತಷ್ಟು ನಿಧಾನ. ಆವಿಯ ಕೊಳವೆ, ಡಬ್ಬಿ, ಅದರ ಕವಾಟ: ಮೆಕ್ಯಾನಿಕನು ಮೊದಲು ಪರೀಕ್ಷಿಸಬೇಕಾದುದು ಇವನ್ನೇ.